ಸೂಪರ್ ಸ್ಟಾಕ್ ಒಂದು ಕಡೆ, ರೇಡಿಯಲ್–ಪ್ರೊ ಮಾಡ್ ಇನ್ನೊಂದು ಕಡೆ: ಡ್ರ್ಯಾಗ್ ಸ್ಟ್ರಿಪ್ ಯಾರದ್ದು?

ಕ್ವಾರ್ಟರ್_ಮೈಲಿ

ಎರಡು ಕಾರು ಅಕ್ಕಪಕ್ಕ ನಿಂತು ನೇರ ಟ್ರ್ಯಾಕ್‌ನಲ್ಲಿ ಕಾಲು ಮೈಲಿ ಓಡುವ ಅಮೆರಿಕದ ಡ್ರ್ಯಾಗ್ ರೇಸಿಂಗ್ ನೋಡುವವರಿಗೆ ಈ ಜಗಳ ಹೊಸದಲ್ಲ. ಒಂದು ಕಡೆ ಎನ್‌ಎಚ್‌ಆರ್‌ಎ (ಅಲ್ಲಿನ ಮುಖ್ಯ ಡ್ರ್ಯಾಗ್ ರೇಸಿಂಗ್ ಸಂಸ್ಥೆ) ರೂಲ್‌ಬುಕ್‌ನಲ್ಲಿ ದಶಕಗಳಿಂದ ಬೇರು ಬಿಟ್ಟ ವರ್ಗಗಳಿವೆ: ಸ್ಟಾಕ್, ಸೂಪರ್ ಸ್ಟಾಕ್, ಕಾಂಪ್, 8.90ರ ಸೂಪರ್ ಕಾಂಪ್, 9.90ರ ಸೂಪರ್ ಗ್ಯಾಸ್, 10.90ರ ಸೂಪರ್ ಸ್ಟ್ರೀಟ್ (ಅಂಕಿ ಅಂದರೆ ಗುರಿಯ ಸೆಕೆಂಡ್). ಇನ್ನೊಂದು ಕಡೆ ಜನ ಟಿಕೆಟ್ ತಗೊಂಡು ನೋಡೋಕೆ ಬರುವ ಹೊಸ ಬಗೆಗಳು: 315 ಮಿ.ಮೀ. ಅಗಲದ ರೇಡಿಯಲ್ ಟೈರಿನ ಓಟ, ನೋ-ಪ್ರೆಪ್ (ಅಂಟು ಹಾಕದ ನೆಲದ ಓಟ), ಹಳೇ ಕಾಲದ ಮಾದರಿಯ ನೈಟ್ರೋ (ನೈಟ್ರೋಮೀಥೇನ್ ಇಂಧನದ) ಫನ್ನಿ ಕಾರು, ಜೆಟ್ ಕಾರು, ಈಗೀಗ ಎಲೆಕ್ಟ್ರಿಕ್. ಮೊದಲನೆಯವರು "ನಾವು ಪ್ರವೇಶ ಶುಲ್ಕ ಕೊಟ್ಟು ದಿನವಿಡೀ ಸ್ಟೇಜಿಂಗ್ ಲೇನ್‌ನಲ್ಲಿ (ಓಟಕ್ಕೆ ಸಾಲುಗಟ್ಟಿ ಕಾಯುವ ಜಾಗ) ಒಣಗ್ತೀವಿ, ಇವರಿಗೆ ದುಡ್ಡು ಕೊಟ್ಟು ಕರೆಸ್ತಾರೆ" ಅಂತಾರೆ. ಎರಡನೆಯವರು "ನಿಮ್ಮ ಓಟ ನೋಡೋಕೆ ಸ್ಟ್ಯಾಂಡ್‌ನಲ್ಲಿ ಯಾರಿದ್ದಾರೆ ಹೇಳಿ" ಅಂತಾರೆ.

ಇದು ಬರೀ ಹೊಟ್ಟೆಕಿಚ್ಚೋ, ಇಲ್ಲ ತಾಂತ್ರಿಕವಾಗಿಯೂ ಒಂದೇ ವಾರಾಂತ್ಯದಲ್ಲಿ ಎರಡನ್ನೂ ಓಡಿಸೋದು ಕಷ್ಟವೋ? ಟ್ರ್ಯಾಕ್ ಕೆಲಸ ಗೊತ್ತಿರೋರು ವಿವರವಾಗಿ ಬರೆಯಿರಿ. "ಹಳೇದೇ ಚಂದ", "ಕಾಲ ಬದಲಾಗಿದೆ" ಅನ್ನೋ ಉತ್ತರಗಳು ಬೇಡ, ಅವು ಬೇಕಾದಷ್ಟು ಸಿಗ್ತವೆ.

ಸೂಪರ್‌ಸ್ಟಾಕ್_ಸುಬ್ಬು

ಹೊಟ್ಟೆಕಿಚ್ಚು ಅಂತ ಹೊರಗಿನವರಿಗೆ ಕಾಣುತ್ತೆ, ಒಳಗಿರೋದು ಬೇರೆ ಕಣ್ರೀ. ಸ್ಟಾಕ್, ಸೂಪರ್ ಸ್ಟಾಕ್ ಓಟ ಹೇಗೆ ನಡೆಯುತ್ತೆ ಅಂತ ಮೊದಲು ನೋಡಿ. ಪ್ರತಿ ಕಾರೂ ತನ್ನ ಡಯಲ್-ಇನ್, ಅಂದರೆ ಎಷ್ಟು ಸೆಕೆಂಡಿನಲ್ಲಿ ಓಟ ಮುಗಿಸ್ತೀನಿ ಅನ್ನೋ ಅಂಕಿ, ಗಾಜಿನ ಮೇಲೆ ಬರೆದುಕೊಂಡು ಬರುತ್ತೆ. ಒಬ್ಬರದು 9.80, ಇನ್ನೊಬ್ಬರದು 11.30 ಆದರೆ ನಿಧಾನದ ಕಾರಿಗೆ ಹಸಿರು ದೀಪ 1.50 ಸೆಕೆಂಡ್ ಮೊದಲು ಹತ್ತುತ್ತೆ. ಬರೆದ ಅಂಕಿಗಿಂತ ವೇಗವಾಗಿ ಹೋದರೆ ಬ್ರೇಕ್‌ಔಟ್, ಸೋತ ಹಾಗೆ. ಒಂದೇ ವರ್ಗದ ಎರಡು ಕಾರು ಎದುರಾದರೆ ಮಾತ್ರ ಹ್ಯಾಂಡಿಕ್ಯಾಪೂ ಇಲ್ಲ, ಬ್ರೇಕ್‌ಔಟೂ ಇಲ್ಲ, ನೇರ ಓಟ.

ಅಂದಮೇಲೆ ಇಲ್ಲಿ ಗೆಲ್ಲಿಸೋದು ವೇಗ ಅಲ್ಲ, ಬೆಳಗ್ಗೆ ಹೋದ ಹಾಗೇ ಮಧ್ಯಾಹ್ನವೂ ಹೋಗೋದು. ಗೆಲುವಿನ ಅಂತರ ಸೆಕೆಂಡಿನ ಸಾವಿರದ ಲೆಕ್ಕದಲ್ಲಿರುತ್ತೆ. ಮೊದಲ 60 ಅಡಿಯಲ್ಲಿ 0.02 ಸೆಕೆಂಡ್ ಏರುಪೇರಾದರೆ ಕಾಲು ಮೈಲಿ ಮುಗಿಯೋ ಹೊತ್ತಿಗೆ ಅದು 0.03, 0.04 ಆಗಿರುತ್ತೆ. ಡಯಲ್-ಇನ್ ನಂಬೋ ಹಾಗಿಲ್ಲ. ಬೆಳಗ್ಗೆ ಒಂದೇ ಟೈಮ್ ಟ್ರಯಲ್ (ಪರೀಕ್ಷಾ ಓಟ) ಕೊಟ್ಟು, ನಡುವೆ ಇನ್ಯಾರಿಗೋ ಬೇಕಾದ ಹಾಗೆ ಟ್ರ್ಯಾಕ್ ಬದಲಾಯಿಸಿ, ನಾಲ್ಕು ಗಂಟೆ ಬಿಟ್ಟು "ಬನ್ನಿ, ಎಲಿಮಿನೇಷನ್ (ಸೋತವರು ಹೊರಹೋಗುವ ಸುತ್ತು)" ಅಂದರೆ ಅದು ಓಟ ಅಲ್ಲ, ಲಾಟರಿ.

ಅಂಟು_ರಬ್ಬರ್

ಸುಬ್ಬು ಅವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಜಗಳದ ಅರ್ಧ ಪಾಲು ನೆಲದ್ದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಟ್ರ್ಯಾಕ್ ಸಿದ್ಧತೆ ಅಂದರೆ ನಾಲ್ಕು ಕೆಲಸ. ಹಳೇ ರಬ್ಬರ್ ಪದರ ಎದ್ದಿರುವಲ್ಲಿ ಸ್ಕ್ರೇಪರ್ ಹಾಕಿ ಕೆರೆಯೋದು. ಧೂಳು, ರಬ್ಬರ್ ಚೂರು ಬ್ಲೋವರ್‌ನಿಂದ ಹೊಡೆದು ತೆಗೆಯೋದು. ಅಂಟು ದ್ರಾವಣವನ್ನು (ವಿಎಚ್‌ಟಿ, ಪಿಜೆ1 ಇಂಥವು) ಆಲ್ಕೋಹಾಲ್‌ನಲ್ಲಿ ಕಲಸಿ ಸಿಂಪಡಿಸೋದು. ಆಲ್ಕೋಹಾಲ್ ಹಾರಿದ ಮೇಲೆ ಟೈರು ಜೋಡಿಸಿದ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ರಬ್ಬರ್ ಕೂರಿಸೋದು. ಹಿಡಿತ ಎಷ್ಟಿದೆ ಅಂತ ನೋಡಲು ಟಾರ್ಕ್ ವ್ರೆಂಚಿಗೆ ರಬ್ಬರ್ ತುಂಡು ಜೋಡಿಸಿದ ಉಪಕರಣವನ್ನು ನೆಲಕ್ಕೆ ಒತ್ತಿ ತಿರುಗಿಸುತ್ತಾರೆ. ಅದು ಜಾರುವಾಗ ತೋರಿಸುವ ಅಂಕಿಯೇ ಆ ಜಾಗದ ಹಿಡಿತ. ಲಾಂಚ್ ಆಗುವ ಜಾಗ, 60 ಅಡಿ, 330 ಅಡಿ, ಎರಡೂ ಲೇನ್, ಎಲ್ಲ ಕಡೆ ಅಳೆದು ಬರೆದಿಡಬೇಕು.

ಈಗ ವ್ಯತ್ಯಾಸ. ಸಾಧಾರಣ ಬ್ರಾಕೆಟ್ ಓಟಕ್ಕೆ (ಡಯಲ್-ಇನ್ ಇಟ್ಟು ಓಡುವುದು) ಮಿಶ್ರಣ ತೆಳುವಾಗಿದ್ದರೆ ಸಾಕು, ಅಂಟಿನಷ್ಟೇ ಆಲ್ಕೋಹಾಲ್ ಇದ್ದರೂ ನಡೆಯುತ್ತೆ. ರೇಡಿಯಲ್ ಓಟಕ್ಕೆ ಅದನ್ನು ಗಟ್ಟಿ ಮಾಡುತ್ತಾರೆ, ಆಲ್ಕೋಹಾಲ್ ಪಾಲು ಕಡಿಮೆ, ಪದರ ಹೆಚ್ಚು, ಪ್ರತಿ ಸುತ್ತಿಗೂ ಮತ್ತೆ ಎಳೆತ. ಯಾಕೆಂದರೆ ರೇಡಿಯಲ್ ಟೈರಿನ ಪಕ್ಕದ ಗೋಡೆ ಮಡಚುವುದಿಲ್ಲ. ಅದು ಹಿಡಿದರೆ ಪೂರ್ತಿ ಹಿಡಿಯುತ್ತೆ, ಒಮ್ಮೆ ಸುತ್ತಿತು ಅಂದರೆ ಮತ್ತೆ ಹಿಡಿತಕ್ಕೆ ಬರೋದು ಅಪರೂಪ, ಓಟ ಅಲ್ಲಿಗೆ ಮುಗಿಯಿತು. ಸ್ಟಾಕ್ ಕಾರುಗಳ ಬಯಾಸ್-ಪ್ಲೈ ಸ್ಲಿಕ್ (ಮೆತ್ತಗಿನ, ಗೆರೆಯಿಲ್ಲದ ಟೈರು) ಹಾಗಲ್ಲ. ಹೊರಡುವಾಗ ಅದರ ಪಕ್ಕದ ಗೋಡೆ ಸುಕ್ಕುಗಟ್ಟಿ ಹೊಡೆತ ನುಂಗುತ್ತೆ, ಚೂರು ಸುತ್ತಿದರೂ ಹಿಡಿದುಕೊಳ್ಳುತ್ತೆ. ಸ್ಟಾಕ್, ಸೂಪರ್ ಸ್ಟಾಕ್ ಕಾರಿನ ಕ್ಲಚ್, ಕನ್ವರ್ಟರ್, ಶಾಕ್ ಎಲ್ಲ ಹೊಂದಿಸಿರೋದೇ ಆ ಸಣ್ಣ ಜಾರುವಿಕೆಯನ್ನು ಲೆಕ್ಕಕ್ಕೆ ಹಿಡಿದು.

ರೇಡಿಯಲ್ ನೆಲದ ಮೇಲೆ ಆ ಕಾರು ನಿಲ್ಲಿಸಿ ಬಿಟ್ಟರೆ ಎರಡರಲ್ಲಿ ಒಂದು ಆಗುತ್ತೆ. ಶಕ್ತಿ ಇದ್ದ ಕಾರು ಮುಂದಿನ ಚಕ್ರ ಎತ್ತಿ ನಿಲ್ಲುತ್ತೆ. ಸ್ಟಾಕ್ ವರ್ಗದಲ್ಲಿ ವೀಲಿ ಬಾರ್ (ಮೂತಿ ಹೆಚ್ಚು ಏಳದಂತೆ ಹಿಂದೆ ಕಟ್ಟುವ ಸರಳು) ಹಾಕುವಂತಿಲ್ಲ, ಹಾಗಾಗಿ ಅದು ಕೆಳಗೆ ಬೀಳುವಾಗ ಆಯಿಲ್ ಪ್ಯಾನ್, ರೇಡಿಯೇಟರ್ ಸಪೋರ್ಟ್, ಟೈ ರಾಡ್, ಏನು ಮುರಿಯುತ್ತೋ ಹೇಳಲಾಗದು. ಶಕ್ತಿ ಸಾಲದ ಕಾರಿನ ಎಂಜಿನ್ ಆರ್‌ಪಿಎಂ ಕುಸಿದು ಉಸಿರು ಕಟ್ಟುತ್ತೆ, 60 ಅಡಿ ಸಮಯ ಹಾಳು.

ಉಲ್ಟಾ ಕೂಡ ನಿಜ. ಸ್ಲಿಕ್ ಕಾರುಗಳು ಇಡೀ ದಿನ ಓಡಿದ ತೆಳು ನೆಲದ ಮೇಲೆ 3,000ಕ್ಕೂ ಹೆಚ್ಚು ಹಾರ್ಸ್‌ಪವರ್‌ನ ರೇಡಿಯಲ್ ಕಾರು ಬಂದರೆ ರಬ್ಬರ್ ಪದರವನ್ನೇ ಹಾಳೆಯಂತೆ ಕಿತ್ತು ಕಾಂಕ್ರೀಟ್ ಕಾಣಿಸುತ್ತೆ. ಆ ಬೋಳು ಜಾಗ ಮುಚ್ಚಲು ಮತ್ತೆ ಅರ್ಧ ಗಂಟೆ.

ಇದಕ್ಕೆ ಬಿಸಿಲನ್ನೂ ಸೇರಿಸಿಕೊಳ್ಳಿ. ನೆಲದ ಬಿಸಿ 90–110 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಅಂಟು ಚೆನ್ನಾಗಿ ಕೂರುತ್ತೆ. 135–140 ದಾಟಿದರೆ ಅದೇ ಅಂಟು ಜಿಡ್ಡಾಗುತ್ತೆ, ಹೆಚ್ಚು ಹಾಕಿದಷ್ಟೂ ಹೆಚ್ಚು ಜಾರುತ್ತೆ. ಮಧ್ಯಾಹ್ನ ಹಿಡಿತ ಇಲ್ಲ ಅಂತ ದೂರು ಬಂದ ಕೂಡಲೇ ಮತ್ತೊಂದು ಪದರ ಹೊಡೆಸುವ ಟ್ರ್ಯಾಕ್‌ಗಳಿವೆ, ಅಲ್ಲಿ ಸಂಜೆವರೆಗೂ ಯಾರ ಕಾರೂ ಸರಿ ಹೋಗಲ್ಲ.

ಆರ್‌ಎಕ್ಸ್_ಪ್ರೇಮಿ

ಗುರುಗಳೇ, ಒಂದು ದಡ್ಡ ಪ್ರಶ್ನೆ. ಹಿಡಿತ ಜಾಸ್ತಿ ಆದರೆ ಟೈರಿಗೆ ಗಾಳಿ ಜಾಸ್ತಿ ಹಾಕಿದರೆ ಆಗಲ್ವಾ? ನೆಲ ಯಾಕೆ ಬದಲಾಯಿಸಬೇಕು?

ಅಂಟು_ರಬ್ಬರ್

ದಡ್ಡ ಪ್ರಶ್ನೆ ಏನಲ್ಲ, ಎಲ್ಲರೂ ಮೊದಲು ಮಾಡೋದು ಅದನ್ನೇ. ಅರ್ಧ ಪಿಎಸ್‌ಐ ಅಂತ ಏರಿಸುತ್ತಾ ಹೋಗಬಹುದು. ಆದರೆ ಸ್ಲಿಕ್‌ನಲ್ಲಿ ಗಾಳಿ ಹೆಚ್ಚಿದಂತೆ ಟೈರಿನ ಮಧ್ಯಭಾಗ ಮಾತ್ರ ನೆಲಕ್ಕೆ ಒತ್ತುತ್ತೆ, ಅಂಚು ಎತ್ತಿಕೊಳ್ಳುತ್ತೆ. ಆಗ ಕಾರು ಗೆರೆ ಬಿಟ್ಟು ಅಲೆಯುತ್ತೆ, ಕೊನೆಯ 300 ಅಡಿಯಲ್ಲಿ ಸ್ಟೀರಿಂಗ್ ತಿದ್ದಬೇಕಾಗುತ್ತೆ. ಹೊರಡುವ ಆರ್‌ಪಿಎಂ ತಗ್ಗಿಸಬಹುದು, ಹಿಂದಿನ ಶಾಕ್ ಬಿಗಿ ಸಡಿಲ ಮಾಡಬಹುದು, ಮುಂದಿನ ಶಾಕ್ ಏರುವುದನ್ನು ನಿಧಾನ ಮಾಡಬಹುದು. ಆದರೆ ಇವೆಲ್ಲಕ್ಕೂ ಪರೀಕ್ಷಾ ಓಟ ಬೇಕು. ಒಂದೇ ಟೈಮ್ ಟ್ರಯಲ್ ಇರುವ ವಾರಾಂತ್ಯದಲ್ಲಿ ಯಾವುದನ್ನು ಪರೀಕ್ಷೆ ಮಾಡೋದು? ಬದಲಾವಣೆ ಒಂದೊಂದೇ ಮಾಡಬೇಕು ಅನ್ನೋ ನಿಯಮ ಅಲ್ಲೇ ಮುರಿಯುತ್ತೆ.

ಕುಡ್ಲ_ನೈಟ್ರೋ

ಎಲ್ಲ ಸರಿ ಮಾರಾಯ್ರೇ, ಆದರೆ ಒಂದು ಹೇಳ್ಬೇಕು. ಇವತ್ತು "ಸಂಪ್ರದಾಯ" ಅಂತ ಹೇಳುದು ಉಂಟಲ್ಲ, ಅದರಲ್ಲಿ ಅರ್ಧ ನಿನ್ನೆಯ ಎಕ್ಸಿಬಿಷನ್, ಅಂದರೆ ಜನರಿಗೆ ತೋರಿಸ್ಲಿಕ್ಕೆ ಕರೆಸುವ ಓಟ.

ಫನ್ನಿ ಕಾರ್ ತೆಗೊಳ್ಳಿ. 1960ರ ದಶಕದ ನಡುವೆ ಎ/ಎಫ್‌ಎಕ್ಸ್ ಅಂತ ಒಂದು ವರ್ಗ ಇತ್ತು, ಕಾರ್ಖಾನೆಯವರ ಪ್ರಯೋಗದ ಕಾರುಗಳಿಗೆ. 1965ರಲ್ಲಿ ಕ್ರೈಸ್ಲರ್‌ನವರು ಪ್ಲಿಮತ್, ಡಾಡ್ಜ್ ಕಾರುಗಳ ಹಿಂದಿನ ಆಕ್ಸಲ್ 15 ಇಂಚು, ಮುಂದಿನದ್ದು 10 ಇಂಚು ಮುಂದಕ್ಕೆ ತಂದು ಕೂರಿಸಿದರು, ಭಾರ ಹಿಂದಿನ ಚಕ್ರದ ಮೇಲೆ ಬೀಳ್ಲಿಕ್ಕೆ. ನೋಡ್ಲಿಕ್ಕೆ ವಿಚಿತ್ರ, ಅದಕ್ಕೇ ಫನ್ನಿ. ಎನ್‌ಎಚ್‌ಆರ್‌ಎ ತನ್ನ ಎಫ್‌ಎಕ್ಸ್ ವರ್ಗದಲ್ಲಿ ಜಾಗ ಕೊಡ್ಲಿಲ್ಲ. ಅವರೆಲ್ಲ ಮ್ಯಾಚ್ ರೇಸ್‌ಗೆ ಹೋದರು, ದುಡ್ಡು ಕೊಟ್ಟು ಕರೆಸುವ ಓಟಕ್ಕೆ. ಜನ ಮುಗಿಬಿದ್ದು ನೋಡಿದರು. 1966ಕ್ಕೆ ಮರ್ಕ್ಯುರಿಯವರು ಇಡೀ ಫೈಬರ್‌ಗ್ಲಾಸ್ ಬಾಡಿ ಮೇಲಕ್ಕೆ ಎತ್ತುವ ಕಾಮೆಟ್ ತಂದರು, ಅಡಿಯಲ್ಲಿ ಕೊಳವೆಯ ಚಾಸಿ. 1969ಕ್ಕೆ ಎನ್‌ಎಚ್‌ಆರ್‌ಎಯೇ ಫನ್ನಿ ಕಾರಿಗೆ ಪ್ರತ್ಯೇಕ ಎಲಿಮಿನೇಟರ್ (ಸ್ಪರ್ಧಾ ವಿಭಾಗ) ಕೊಟ್ಟಿತು. ಹೊರಗೆ ಹಾಕಿ ನಾಲ್ಕೇ ವರ್ಷ.

ನೈಟ್ರೋ ಕಥೆಯೂ ಅದೇ. 1957ರಲ್ಲಿ ಬಂದ್ ಮಾಡಿದ ಇಂಧನವನ್ನು 1963ರಿಂದ ವಾಪಸ್ ತಂದರು. ಇವತ್ತು ಟಾಪ್ ಫ್ಯೂಯೆಲ್ (ನೈಟ್ರೋದಲ್ಲಿ ಓಡುವ ಅತಿ ವೇಗದ ವರ್ಗ) ಇಲ್ಲದ ಎನ್‌ಎಚ್‌ಆರ್‌ಎ ಯಾರಿಗೆ ಬೇಕು? ಪ್ರೊ ಸ್ಟಾಕ್ ಹುಟ್ಟಿದ್ದು 1970ರಲ್ಲಿ, ಹ್ಯಾಂಡಿಕ್ಯಾಪ್ ಬೇಡ, ನೇರ ಓಟ ಬೇಕು ಅಂತ ಹೇಳಿದ ಸೂಪರ್ ಸ್ಟಾಕ್‌ನವರಿಂದಲೇ. ಆ ವರ್ಷದ ಪೊಮೋನಾ ವಿಂಟರ್‌ನ್ಯಾಷನಲ್ಸ್ ಗೆದ್ದದ್ದು ಬಿಲ್ ಜೆಂಕಿನ್ಸ್, ಕಮಾರೊದಲ್ಲಿ.

ನಮ್ಮ ಕಂಬಳದಲ್ಲಿ ಕನೆಹಲಗೆ ಉಂಟಲ್ಲ, ಅಲ್ಲಿ ಯಾರು ಬೇಗ ಓಡಿದ್ದು ಅಂತ ನೋಡುದಿಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅಂತ ನೋಡುದು. ಹಗ್ಗ, ನೇಗಿಲು ಅಂತ ವೇಗಕ್ಕೆ ಓಡುವ ವಿಭಾಗದವರಿಗೆ ಅದು ಬರೀ ತಮಾಷೆ ಅಂತ ಕಾಣ್ಬಹುದು. ಆದರೆ ಆರೂವರೆ ಕೋಲು, ಏಳೂವರೆ ಕೋಲು ಅಂತ ನಿಶಾನೆ ಕಟ್ಟಿದ್ದಾರೆ, ಮುಟ್ಟಿತೋ ಇಲ್ವೋ ಅಂತ ಎಲ್ಲರಿಗೂ ಕಾಣ್ತದೆ. ಹಾಗೆ ಅಳತೆ ಇರುವ ತಮಾಷೆ ವರ್ಗ ಆಗ್ತದೆ. ಅಳತೆ ಇಲ್ಲದ್ದು ತಮಾಷೆಯಾಗಿಯೇ ಉಳೀತದೆ.

ಸೂಪರ್‌ಸ್ಟಾಕ್_ಸುಬ್ಬು

ಕುಡ್ಲದವರೇ, ಇತಿಹಾಸ ಒಪ್ಪಿದೆ. ಆದರೆ ಆ ಕೊನೇ ಮಾತು ನನ್ನ ವಾದಕ್ಕೇ ಬಲ ಕೊಡುತ್ತೆ. ನಮ್ಮ ವರ್ಗದಲ್ಲಿ ಅಳತೆ ಎಷ್ಟು ಬಿಗಿ ಅಂತ ಲೆಕ್ಕ ಕೊಡ್ತೀನಿ.

ಸ್ಟಾಕ್‌ನಲ್ಲಿ ಕಾರಿನ ವರ್ಗ ನಿರ್ಧಾರ ಆಗೋದು ತೂಕವನ್ನು ಹಾರ್ಸ್‌ಪವರ್‌ನಿಂದ ಭಾಗಿಸಿ. ಹಾರ್ಸ್‌ಪವರ್ ಅಂದರೆ ಕಂಪನಿ ಹೇಳಿದ್ದಲ್ಲ, ಎನ್‌ಎಚ್‌ಆರ್‌ಎ ಆ ಎಂಜಿನ್–ಕಾರು ಜೋಡಿಗೆ ಕೊಟ್ಟ ಅಂಕಿ. 3,150 ಪೌಂಡ್ ತೂಕ, 300 ಹಾರ್ಸ್‌ಪವರ್ ಅಂತ ಇಟ್ಟುಕೊಳ್ಳಿ, 10.5 ಬಂತು. ಯಾರೋ ಒಬ್ಬರು ಇಂಡೆಕ್ಸ್‌ಗಿಂತ (ಆ ವರ್ಗಕ್ಕೆ ಗೊತ್ತು ಮಾಡಿದ ಸಮಯ) ತೀರಾ ವೇಗವಾಗಿ ಓಡಿ ತೋರಿಸಿದರೆ ಆ ಜೋಡಿಗೆ ತಂತಾನೇ ಹಾರ್ಸ್‌ಪವರ್ ಸೇರಿಸುವ ವ್ಯವಸ್ಥೆ ಇದೆ. 5 ಸೇರಿಸಿದರು ಅಂದರೆ 305. ಅದೇ 10.5ರಲ್ಲಿ ಉಳಿಯಬೇಕಾದರೆ 52.5 ಪೌಂಡ್ ಭಾರ ಹೊರಬೇಕು. ಆ ಎಂಜಿನ್ ಇಟ್ಟುಕೊಂಡ ದೇಶದ ಎಲ್ಲರಿಗೂ ಅನ್ವಯ, ಓಡಿ ತೋರಿಸಿದವನಿಗೆ ಮಾತ್ರ ಅಲ್ಲ. ಅದಕ್ಕೇ ಕೆಲವರು 1,000 ಅಡಿಯಲ್ಲೇ ಕಾಲು ತೆಗೆದು ಬ್ರೇಕ್ ಒತ್ತೋದು. ನೋಡೋರಿಗೆ ನೀರಸ, ಒಪ್ತೀನಿ. ಆದರೆ ನಿಯಮ ಕಾಗದದ ಮೇಲಿದೆ, ಎಲ್ಲರಿಗೂ ಒಂದೇ.

ಎಕ್ಸಿಬಿಷನ್ ಕಡೆ ನೋಡಿ. ಪ್ರವರ್ತಕ ಹೇಳಿದ್ದೇ ನಿಯಮ. ಕಳೆದ ಓಟದಲ್ಲಿ ಟರ್ಬೊ ಗೆದ್ದರೆ ಈ ಓಟಕ್ಕೆ ಟರ್ಬೊಗೆ 50 ಪೌಂಡ್. ಫೋನಿನಲ್ಲಿ ಯಾರು ಹೆಚ್ಚು ಕೂಗಿದರೋ ಅವರಿಗೆ ರಿಯಾಯಿತಿ.

ಹುಬ್ಳಿ_ಹೆಮಿ

ಸುಬ್ಬು ಸಾಹೇಬ್ರ, ಅಷ್ಟು ಸಲೀಸ ಅಲ್ರೀ ಅದು. ಪ್ರೊ ಮಾಡ್ (ಭಾಳ ಮಾರ್ಪಾಡು ಮಾಡಿದ ಕಾರಿನ ವರ್ಗ) ಒಳಗ ಎಂಜಿನ್ನಿಗೆ ಶಕ್ತಿ ಏರಸೋ ನಾಕು ಥರದ ಕಾರು ಒಂದ ಗೆರಿ ಮ್ಯಾಲ ನಿಲ್ತಾವ: ರೂಟ್ಸ್ ಬ್ಲೋವರ್, ಟರ್ಬೊ, ನೈಟ್ರಸ್ (ನೈಟ್ರಸ್ ಆಕ್ಸೈಡ್ ಅನಿಲ), ಸೆಂಟ್ರಿಫ್ಯೂಗಲ್ ಬ್ಲೋವರ್. ಬ್ಲೋವರಿಗೆ ಕಡಿವಾಣ ಹಾಕೋದು ಓವರ್‌ಡ್ರೈವ್ (ಎಂಜಿನ್ನಿಗಿಂತ ಬ್ಲೋವರ್ ಎಷ್ಟು ಜೋರಾಗಿ ತಿರಗಬೇಕು) ಶೇಕಡಾದಿಂದ, ಟರ್ಬೊಗೆ ಬೂಸ್ಟ್ ಮಿತಿಯಿಂದ, ನೈಟ್ರಸ್‌ಗೆ ಎಂಜಿನ್ ಅಳತಿ ದೊಡ್ಡದು ಬಿಟ್ಟು. ಅದರ ಮ್ಯಾಲ ತೂಕ, 25 ಪೌಂಡ್ ಲೆಕ್ಕದಾಗ ಏರಸೋದು ಇಳಸೋದು. ಇದನ್ನ ಒಮ್ಮೆ ಬರದು ಐದು ವರ್ಷ ಕೈ ಹಚ್ಚದಂಗ ಇಡಾಕ ಆಗಂಗಿಲ್ಲ. ಎತ್ತರದ ಊರಾಗ, ಉದಾಹರಣಿಗೆ ಡೆನ್ವರ್ ಹಂತೇಕ, ಗಾಳಿ ತೆಳು. ಟರ್ಬೊ ತನಗ ಬೇಕಾದ ಬೂಸ್ಟ್ ತಾನ ಮಾಡ್ಕೋತದ, ನೈಟ್ರಸ್ ಕಾರು ಸಾಯ್ತದ. ಅದ ನಿಯಮ ಸಮುದ್ರಮಟ್ಟದಾಗ ಬ್ಯಾರೆ ಫಲ ಕೊಡ್ತದ.

ಇನ್ನೊಂದ ಮಾತು. ಪ್ರೊ ಮಾಡ್ ಎಲ್ಲಿಂದ ಬಂತು? ಐಎಚ್‌ಆರ್‌ಎ (ಇನ್ನೊಂದು ಡ್ರ್ಯಾಗ್ ಸಂಸ್ಥೆ) ಟಾಪ್ ಸ್ಪೋರ್ಟ್ಸ್‌ಮನ್ ವರ್ಗದೊಳಗಿನ ಅತಿ ವೇಗದ ಕಾರುಗಳನ್ನ ಜನ ನೋಡಾಕ ಹತ್ತಿದ್ರು, 1990ಕ್ಕ ಅದು ಅಲ್ಲೆ ಪೂರ್ತಿ ವರ್ಗ ಆತು. ಎನ್‌ಎಚ್‌ಆರ್‌ಎ ಅದನ್ನ ಭಾಳ ವರ್ಷ ಬರೇ ಎಕ್ಸಿಬಿಷನ್ ಅಂತ ಬಾಗಲಾಗ ನಿಲ್ಲಿಸಿ ಆಮ್ಯಾಲ ಒಳಗ ಕರಕೊಂಡಿತು. ಆ ಹೊತ್ತಿಗೆ ಈ ಕಡೆ ಪ್ರೊ ಸ್ಟಾಕ್ ಸೊರಗಾಕ ಹತ್ತಿತ್ತು. 500 ಘನ ಇಂಚಿನ ಎಂಜಿನ್, ಎಲ್ಲಾ ಕಾರು ಒಂದ ಥರ, ಅಂತರ ಕಣ್ಣಿಗೆ ಕಾಣಂಗಿಲ್ಲ, ಖರ್ಚು ಮಾತ್ರ ಮುಗಲಿಗೆ. 2016ಕ್ಕ ಕಾರ್ಬೊರೇಟರ್ ತಗದು ಫ್ಯೂಯೆಲ್ ಇಂಜೆಕ್ಷನ್, 10,500 ಆರ್‌ಪಿಎಂ ಮಿತಿ, ಬಾನೆಟ್ ಮ್ಯಾಲಿನ ಸ್ಕೂಪ್ ತಗದ್ರು, ವೀಲಿ ಬಾರ್ ಗಿಡ್ಡ ಮಾಡಿದ್ರು. 2019ಕ್ಕ ವರ್ಷಕ್ಕ 24 ಇದ್ದ ಓಟ 18ಕ್ಕ ಇಳಿಸಿದ್ರು. ಸಂಪ್ರದಾಯಕ್ಕ ಪೆಟ್ಟು ಬಿದ್ದದ್ದು ಜೆಟ್ ಕಾರಿನಿಂದ ಅಲ್ಲ, ತನ್ನೊಳಗಿನ ಖರ್ಚಿನಿಂದ.

ಸೂಪರ್‌ಸ್ಟಾಕ್_ಸುಬ್ಬು

ಪ್ರೊ ಸ್ಟಾಕ್ ವಿಷಯದಲ್ಲಿ ತಕರಾರಿಲ್ಲ. ಆದರೆ "ಬಾಗಿಲಲ್ಲಿ ನಿಲ್ಲಿಸಿ" ಅಂದಿರಲ್ಲ, ನನ್ನ ಪ್ರಕಾರ ಅದೇ ಸರಿಯಾದ ಕ್ರಮ. ಕೆಲವು ವರ್ಷ ಹೊರಗೆ ಓಡಲಿ, ನಿಯಮ ಗಟ್ಟಿಯಾಗಲಿ, ಆಮೇಲೆ ಬರಲಿ. ಕಂಪನಿಗಳೇ ಓಟಕ್ಕೆ ಕಟ್ಟಿದ ಕಾರುಗಳ ಫ್ಯಾಕ್ಟರಿ ಸ್ಟಾಕ್ ಶೋಡೌನ್ ನೋಡಿ. ಕೋಬ್ರಾ ಜೆಟ್ ಮಸ್ಟಾಂಗ್, ಕೋಪೊ ಕಮಾರೊ, ಡ್ರ್ಯಾಗ್ ಪ್ಯಾಕ್ ಚಾಲೆಂಜರ್, ಮೂರೂ ಸ್ಟಾಕ್ ಎಲಿಮಿನೇಟರ್ ಒಳಗಿಂದಲೇ ಬಂದವು. 9 ಇಂಚಿನ ಟೈರು, ವೀಲಿ ಬಾರ್ ಇಲ್ಲ, ನೇರ ಓಟ. ಜನರೂ ನೋಡ್ತಾರೆ, ನಿಯಮವೂ ಇದೆ. ಅದನ್ನು ವಿರೋಧಿಸಿದ ಸ್ಟಾಕ್ ರೇಸರ್‌ಗಳು ಕಡಿಮೆ. ಹೊಸದನ್ನೆಲ್ಲ ಬೈತೀವಿ ಅನ್ನೋದು ಸುಳ್ಳು.

ತಿರುಪುಳಿ

ಎಲ್ಲರೂ ಬಿಟ್ಟ ಒಂದು ಸಂಗತಿ: ಗಡಿಯಾರ.

ಎನ್‌ಎಚ್‌ಆರ್‌ಎ ಸುರಕ್ಷತಾ ನಿಯಮಗಳು ನಿಂತಿರುವುದೇ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತೆ ಅನ್ನೋದರ ಮೇಲೆ. ಸಾಮಾನ್ಯವಾಗಿ 11.49 ಅಥವಾ ಅದಕ್ಕಿಂತ ವೇಗವಾದರೆ ರೋಲ್ ಬಾರ್. 9.99 ಒಳಗೆ ಬಂದರೆ, ಇಲ್ಲವೇ ಗಂಟೆಗೆ 135 ಮೈಲಿ ದಾಟಿದರೆ ರೋಲ್ ಕೇಜ್. 9.99ರಿಂದ ಒಳಗಿನ ಚಾಸಿಗೆ ಪ್ರಮಾಣಪತ್ರದ ಸ್ಟಿಕ್ಕರ್. 8.50ಕ್ಕಿಂತ ಕೆಳಗೆ ಇಳಿದರೆ ಎಸ್‌ಎಫ್‌ಐ (ಸುರಕ್ಷತಾ ಮಾನದಂಡ ಗೊತ್ತು ಮಾಡುವ ಸಂಸ್ಥೆ) ನಿರ್ದಿಷ್ಟ ಮಾನದಂಡದ ಚಾಸಿ. 150 ಮೈಲಿ ದಾಟಿದರೆ ಪ್ಯಾರಾಚೂಟ್. (ಕಂಪನಿಯಿಂದ ಬಂದ ಹಾಗೇ ಇರುವ ಹೊಸ ಕಾರುಗಳಿಗೆ ಕೆಲವು ಸಡಿಲಿಕೆ ಇದೆ, ಅದು ಬೇರೆ ಮಾತು.)

ಈಗ ನೋ-ಪ್ರೆಪ್, ಗ್ರಡ್ಜ್ (ಇಬ್ಬರು ಪಣ ಕಟ್ಟಿ ಓಡುವ) ಓಟಗಳಲ್ಲಿ ಸಮಯವನ್ನು ಬೋರ್ಡಿನಲ್ಲಿ ತೋರಿಸುವುದೇ ಇಲ್ಲ. ಅಲ್ಲಿ ಪಂದ್ಯ ಕಟ್ಟೋದೇ ಎದುರಾಳಿಗೆ ನಮ್ಮ ವೇಗ ಗೊತ್ತಾಗದ ಹಾಗೆ. ಸಮಯ ಗೊತ್ತಿಲ್ಲ ಅಂದರೆ ತಪಾಸಣೆ ಮಾಡುವವನು ಯಾವ ಅಂಕಿಗೆ ಹೋಲಿಸಿ ಕೇಜ್ ನೋಡಬೇಕು? 8.50ರವರೆಗೆ ಮಾತ್ರ ಓಡಬಹುದಾದ ಸ್ಟಿಕ್ಕರ್ ಇರುವ ಕಾರು 8.20 ಓಡುತ್ತಿದ್ದರೂ ಯಾರಿಗೂ ತಿಳಿಯಲ್ಲ. ಇದಕ್ಕೆ ಸುಲಭ ಪರಿಹಾರ ಇದೆ: ಬೋರ್ಡ್ ಆಫ್ ಇರಲಿ, ಟವರಿನಲ್ಲಿ ಗಡಿಯಾರ ಓಡಲಿ, ಅಂಕಿ ಟೆಕ್ ಮುಖ್ಯಸ್ಥನಿಗೆ ಮಾತ್ರ ಹೋಗಲಿ. ಚಾಲಕರ ಒಪ್ಪಂದದ ಕಾಗದದಲ್ಲೇ ಇದನ್ನು ಬರೆಸಿಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಗುಮಾನಿಗೇ ಜಗಳ.

ಅಂಟಿಲ್ಲದ ನೆಲದಲ್ಲಿ ಇನ್ನೊಂದು ಅಪಾಯ. ಕಾರು ಹೊರಟ ಜಾಗದಲ್ಲಿ ಸುತ್ತೋದು ದೊಡ್ಡದಲ್ಲ, ಚಾಲಕ ಕಾಲು ತೆಗೆದರೆ ಮುಗಿಯಿತು. 500 ಅಡಿಯ ನಂತರ, ಗಂಟೆಗೆ 150 ಮೈಲಿಯಲ್ಲಿ ಎರಡನೇ ಸಲ ಸುತ್ತಿದಾಗ ಹಿಂಭಾಗ ಪಕ್ಕಕ್ಕೆ ಬರುತ್ತೆ, ಗೋಡೆ ಹತ್ತಿರದಲ್ಲಿರುತ್ತೆ. ಹಾಗಾಗಿ ನೋ-ಪ್ರೆಪ್ ಅನ್ನು ಎಂಟನೇ ಒಂದು ಮೈಲಿಗೆ, ಅಂದರೆ 660 ಅಡಿಗೆ ಸೀಮಿತಗೊಳಿಸಿ ಉಳಿದದ್ದನ್ನು ನಿಲ್ಲಿಸಲು ಬಿಡೋದು ವಿವೇಕ. ವೇಗ ಹೆಚ್ಚಿದಾಗ ದೂರ ಕಡಿಮೆ ಮಾಡೋದು ನಾಚಿಕೆಯ ವಿಷಯ ಅಲ್ಲ. 2008ರ ಜೂನ್‌ನಲ್ಲಿ ಇಂಗ್ಲಿಷ್‌ಟೌನ್ ಟ್ರ್ಯಾಕ್‌ನಲ್ಲಿ ಫನ್ನಿ ಕಾರ್ ಚಾಲಕ ಸ್ಕಾಟ್ ಕಲಿಟ್ಟಾ ತೀರಿಕೊಂಡ ಮೇಲೆ ಟಾಪ್ ಫ್ಯೂಯೆಲ್, ಫನ್ನಿ ಕಾರನ್ನೇ 1,320ರಿಂದ 1,000 ಅಡಿಗೆ ಇಳಿಸಿದರು.

ಆರ್‌ಎಕ್ಸ್_ಪ್ರೇಮಿ

ಜೆಟ್ ಕಾರಿನ ಬಗ್ಗೆ ಯಾರೂ ಬೈಲಿಲ್ಲವಲ್ಲ! ಅದೇ ತಾನೇ ಎಲ್ಲಕ್ಕಿಂತ ದೊಡ್ಡ ಸರ್ಕಸ್?

ಕುಡ್ಲ_ನೈಟ್ರೋ

ಅದಕ್ಕೆ ಬೈಲಿಕ್ಕೆ ಕಾರಣ ಕಡಿಮೆ ಮಾರಾಯ್ರೇ. ಜೆ85, ಜೆ34 ಇಂಥ ಹಳೇ ವಿಮಾನದ ಎಂಜಿನ್, ಸೀಮೆಎಣ್ಣೆಯ ಜಾತಿಯ ಇಂಧನ, ಹಿಂದಿನಿಂದ ಬೆಂಕಿ. ಚಕ್ರಕ್ಕೆ ಶಕ್ತಿ ಹೋಗುದೇ ಇಲ್ಲ, ಹಾಗಾಗಿ ಅದಕ್ಕೆ ಅಂಟೂ ಬೇಡ, ರಬ್ಬರೂ ಬೇಡ. ಯಾರ ಸ್ಪರ್ಧೆಗೂ ಅಡ್ಡ ಬರುದಿಲ್ಲ, ಪಾಯಿಂಟೂ ಕೇಳುದಿಲ್ಲ. ಒಂದೇ ಷರತ್ತು, ರಾತ್ರಿ ಕೊನೆಗೆ ಇಡ್ಬೇಕು. ಆಫ್ಟರ್‌ಬರ್ನರ್ ಸಿಡಿಸುವಾಗ ಹೊರಡುವ ಜಾಗದ ಅಂಟಿನ ಮೇಲೆ ಬಿಸಿ ಗಾಳಿ ಹೊಡೀತದೆ, ರಬ್ಬರ್ ಚೂರು, ಕಸ ಎಲ್ಲ ಹಾರ್ತದೆ. ನಡುವೆ ಓಡಿಸಿದರೆ ಮತ್ತೆ ಗುಡಿಸಿ ಎಳೀಬೇಕು. ವೀಲ್‌ಸ್ಟ್ಯಾಂಡರ್ (ಮುಂದಿನ ಚಕ್ರ ಎತ್ತಿಯೇ ಓಡುವ ಗಾಡಿ) ಕೂಡ ಹಾಗೆಯೇ. 1965ರ ಲಿಟಲ್ ರೆಡ್ ವ್ಯಾಗನ್ ಅಂತ ಡಾಡ್ಜ್ ಎ100 ಪಿಕಪ್ ಇತ್ತು, ಓಟಕ್ಕೆ ಅಂತ ಕಟ್ಟಿದ್ದು, ಹೆಮಿ ಎಂಜಿನ್ ಹಿಂದೆ ಕೂರಿಸಿದ ಕಾರಣ ಮೂತಿ ಎತ್ತಿಯೇ ಓಡಿತು, ಕೊನೆಗೆ ಅದೇ ಅದರ ಕೆಲಸ ಆಯ್ತು.

ಬೈಬೇಕಾದ್ದು ಬೇರೆ. ತಾನು ಸ್ಪರ್ಧೆ ಅಂತ ಹೇಳಿಕೊಳ್ತದೆ, ಬಹುಮಾನ ಉಂಟು, ಆದರೆ ಯಾರು ಅರ್ಹ, ಎಷ್ಟು ತೂಕ, ಪ್ರತಿಭಟನೆ ಯಾರಿಗೆ ಕೊಡುದು, ಒಂದೂ ಬರೆದದ್ದಿಲ್ಲ. ಅಂಥದ್ದಕ್ಕೆ.

ಕ್ವಾರ್ಟರ್_ಮೈಲಿ

ಒಳ್ಳೇ ಮಾಹಿತಿ. ನೆಲ, ನಿಯಮ, ಗಡಿಯಾರ ಬಂತು. ಸಮಯದ ಲೆಕ್ಕ ನಾನು ಹಾಕ್ತೀನಿ, ತಪ್ಪಿದ್ದರೆ ತಿದ್ದಿ.

128 ಕಾರಿನ ಸ್ಟಾಕ್ ಪಟ್ಟಿ ಅಂದರೆ ಏಳು ಸುತ್ತು, 64+32+16+8+4+2+1, ಒಟ್ಟು 127 ಓಟ. ಜೋಡಿಗೆ ಒಂದು ನಿಮಿಷ ಹಿಡಿದರೆ ಮೊದಲ ಸುತ್ತಿಗೆ 64 ನಿಮಿಷ.

16 ಕಾರಿನ ರೇಡಿಯಲ್ ಪಟ್ಟಿಗೆ ಮೊದಲ ಸುತ್ತಿನಲ್ಲಿ 8 ಜೋಡಿ. ಬರ್ನ್‌ಔಟ್ (ಟೈರು ಸುತ್ತಿಸಿ ಬಿಸಿ ಮಾಡೋದು), ಹಿಂದಕ್ಕೆ ಬರೋದು, ಸಿಬ್ಬಂದಿ ಗೆರೆಗೆ ಸರಿಯಾಗಿ ನಿಲ್ಲಿಸೋದು, ಇಬ್ಬರೂ ನೀನು ಮೊದಲು ಅಂತ ಸ್ಟೇಜ್ ಆಗದೆ ಕಾಯೋದು, ಎಲ್ಲ ಸೇರಿ ಜೋಡಿಗೆ 3 ನಿಮಿಷ, ಅಂದರೆ 24 ನಿಮಿಷ. ಅದಕ್ಕೂ ಮೊದಲು ನೆಲದ ತಯಾರಿ 40 ನಿಮಿಷ. ಅಲ್ಲಿಗೂ 64 ನಿಮಿಷ! 128 ಚಾಲಕರ ಸಮಯ, 16 ಚಾಲಕರ ಸಮಯ ಸಮ. ಯಾರಾದರೂ ಎಂಜಿನ್ ಒಡೆದು ಎಣ್ಣೆ ಚೆಲ್ಲಿದರೆ ಇನ್ನೂ ಅರ್ಧ ಗಂಟೆ ಸೇರಿಸಿ.

ಹುಬ್ಳಿ_ಹೆಮಿ

ಲೆಕ್ಕ ಖರೇ ಐತ್ರೀ. ಆದ್ರ ಆ 16 ಕಾರು ನೋಡಾಕ ಬಂದ ಮಂದಿ ಟಿಕೆಟ್ ರೊಕ್ಕ ಇಲ್ಲಂದ್ರ ಟ್ರ್ಯಾಕ್ ಬಾಗಲಾ ಹಾಕ್ತದ, ಆಗ 128 ಮಂದಿ ಎಲ್ಲಿ ಓಡಸ್ತಾರ? ಎಣ್ಣಿ ಚೆಲ್ಲೋದಕ್ಕ ಮಾತ್ರ ದಂಡ ಇರಲಿ. ಎನ್‌ಎಚ್‌ಆರ್‌ಎ ನೈಟ್ರೋ ಕಾರಿಗೆ ದಂಡಾನೂ ಹಾಕ್ತದ, ಪಾಯಿಂಟೂ ಕಡಿತದ. ಎಕ್ಸಿಬಿಷನ್ ಕಾರಿಗೆ ಪಾಯಿಂಟ್ ಇಲ್ಲ, ಹಂಗಾರ ಕೊಡೋ ರೊಕ್ಕದಾಗ ಹಿಡೀರಿ. ಎಂಜಿನ್ ಕೆಳಗ ಎಣ್ಣಿ ಹಿಡಿಯೋ ಡೈಪರ್ ಸರಿಯಾಗಿ ಕಟ್ಟಾಕ ಅದಕ್ಕಿಂತ ದೊಡ್ಡ ಪ್ರೇರಣೆ ಬ್ಯಾರೆ ಇಲ್ಲ.

ಅಂಟು_ರಬ್ಬರ್

ಒಂದೇ ವಾರಾಂತ್ಯದಲ್ಲಿ ಇಬ್ಬರನ್ನೂ ಓಡಿಸಲೇಬೇಕಾದರೆ ಕ್ರಮ ಮುಖ್ಯ. ನೆಲವನ್ನು ತೆಳುವಿನಿಂದ ಗಟ್ಟಿಗೆ ಒಯ್ಯುವುದು ಸುಲಭ, ಗಟ್ಟಿಯಿಂದ ತೆಳುವಿಗೆ ತರುವುದು ಕಷ್ಟ. ಹಾಗಾಗಿ ಬೆಳಗ್ಗೆ ಸ್ಟಾಕ್, ಸೂಪರ್ ಸ್ಟಾಕ್‌ಗೆ ಎರಡು ಟೈಮ್ ಟ್ರಯಲ್, ಅದೇ ನೆಲದ ಮೇಲೆ ಮಧ್ಯಾಹ್ನದೊಳಗೆ ಆ ದಿನದ ಸುತ್ತುಗಳನ್ನು ಮುಗಿಸಬೇಕು. ಸಂಜೆ ಬಿಸಿಲು ಇಳಿದ ಮೇಲೆ ರೇಡಿಯಲ್‌ಗೆ ಗಟ್ಟಿ ಪದರ. ಅವರದು 660 ಅಡಿ ಮಾತ್ರ, ಅದರಾಚೆ ಸಿಂಪಡಿಸುವ ಅಗತ್ಯ ಇಲ್ಲ. ರೇಡಿಯಲ್ ಓಟದ ಹೆಸರಾಂತ ಟ್ರ್ಯಾಕ್‌ಗಳು, ದಕ್ಷಿಣ ಜಾರ್ಜಿಯಾದ್ದು ಸೇರಿ, ಇಡೀ ವಾರಾಂತ್ಯವನ್ನು ಆ ಟೈರಿಗೇ ಮೀಸಲಿಡುತ್ತವೆ. 3.5 ಸೆಕೆಂಡಿನ ಆಸುಪಾಸಿನಲ್ಲಿ ಎಂಟನೇ ಒಂದು ಮೈಲಿ ಮುಗಿಸುವ ಕಾರುಗಳಿಗೆ ಅದಿಲ್ಲದೆ ಆಗುವುದೂ ಇಲ್ಲ.

ಮರುದಿನ ಬೆಳಗ್ಗೆ ಮೇಲಿನ ಸಡಿಲ ಪದರ ಕೆರೆದು, ತೆಳು ಮಿಶ್ರಣ ಒಂದು ಸಲ ಹೊಡೆದು, ಎಳೆದು, ಮೊದಲು ಸೂಪರ್ ಗ್ಯಾಸ್, ಸೂಪರ್ ಸ್ಟ್ರೀಟ್ ಕಾರುಗಳನ್ನು ಬಿಡಿ. ಅವಕ್ಕೆ ಥ್ರಾಟಲ್ ಸ್ಟಾಪ್ (ಓಟದ ನಡುವೆ ಎಂಜಿನ್ ಶಕ್ತಿ ತಗ್ಗಿಸುವ ಸಾಧನ) ಇರುವುದರಿಂದ ಸಣ್ಣ ಏರುಪೇರನ್ನು ಸರಿದೂಗಿಸಿಕೊಳ್ಳುತ್ತವೆ. ಅವು ಒಂದು ಸುತ್ತು ಓಡಿದ ಮೇಲೆ ನೆಲ ಸ್ಲಿಕ್‌ಗೆ ಹೊಂದಿಕೊಂಡಿರುತ್ತೆ, ಆಗ ಸ್ಟಾಕ್. ನೋ-ಪ್ರೆಪ್ ಅನ್ನು ಮಾತ್ರ ಈ ವಾರಾಂತ್ಯಕ್ಕೆ ಸೇರಿಸಲೇಬೇಡಿ. ಅಂಟಿರುವ ನೆಲವನ್ನು ಒಂದು ರಾತ್ರಿಯಲ್ಲಿ ಅಂಟಿಲ್ಲದ ನೆಲ ಮಾಡಲಾಗದು.

ಆರ್‌ಎಕ್ಸ್_ಪ್ರೇಮಿ

ನಮ್ಮ ಕಡೆ ಇದು ಹೇಗೆ ಅನ್ವಯ ಆಗುತ್ತೆ? ಇಲ್ಲೂ ಸೂಪರ್‌ಕಾರ್ ಬಂದರೆ ಕ್ಯಾಮೆರಾ ಎಲ್ಲ ಆ ಕಡೆ, ಟೂ-ಸ್ಟ್ರೋಕ್ ವರ್ಗದವರನ್ನು ಕೇಳೋರಿಲ್ಲ.

ತಿರುಪುಳಿ

ಇಲ್ಲಿ ವರ್ಗ ಕಟ್ಟೋದು ಮುಖ್ಯವಾಗಿ ಎಂಜಿನ್ ಸಿಸಿ ಮೇಲೆ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಒಕ್ಕೂಟ) ಅಡಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಬೈಕ್‌ಗಳ ರಾಷ್ಟ್ರೀಯ ಡ್ರ್ಯಾಗ್ ನಡೆಯುತ್ತೆ. ಕಾರುಗಳ ದೊಡ್ಡ ಕೂಟಗಳು ಮಹಾರಾಷ್ಟ್ರದ ಆಂಬಿ ವ್ಯಾಲಿಯಂಥ ಏರ್‌ಸ್ಟ್ರಿಪ್‌ಗಳಲ್ಲಿ. ಏರ್‌ಸ್ಟ್ರಿಪ್ ವಿಮಾನಕ್ಕಾಗಿ ಹಾಕಿದ ನೆಲ, ಅಲ್ಲಿ ಅಮೆರಿಕದ ಮಾದರಿಯ ಅಂಟು ಪದರ ಇರೋದಿಲ್ಲ. ಅಲ್ಲಿನ ತೊಂದರೆ ಧೂಳು ಮತ್ತು ನೀರು. ಸೂಪರ್‌ಕಾರ್ ಅಗಲ ಟೈರಿನಲ್ಲಿ ಪಕ್ಕದ ಧೂಳನ್ನು ಗೆರೆಯ ಮೇಲೆ ಎಳೆದು ತರುತ್ತೆ, ಆಮೇಲೆ ಬರುವ 100–150 ಸಿಸಿ ಬೈಕಿನ ಕಿರಿದಾದ ಟೈರು ಅದರ ಮೇಲೆ ಸುತ್ತುತ್ತೆ. ಬರ್ನ್‌ಔಟ್‌ಗೆ ಸುರಿದ ನೀರು ಟೈರಿಗೆ ಅಂಟಿ ಹೊರಡುವ ಗೆರೆವರೆಗೆ ಬಂದರೆ ಇನ್ನೂ ಕೆಟ್ಟದು.

ಮಾಡಬೇಕಾದ್ದು ಇಷ್ಟು: ಬೈಕ್ ವರ್ಗಗಳನ್ನು ಬೆಳಗ್ಗೆಯೇ ಮುಗಿಸಿ. ಕಾರಿನ ಸುತ್ತು ಮುಗಿದ ಕೂಡಲೇ ಮೊದಲ 100 ಅಡಿ ಬ್ಲೋವರ್ ಹೊಡೆಸಿ. ನೀರಿನ ಜಾಗ ಗೆರೆಯಿಂದ ಸಾಕಷ್ಟು ಹಿಂದೆ ಇರಲಿ, ಕಾರು ಅದನ್ನು ಸುತ್ತಿ ಬಂದು ಟೈರು ಮಾತ್ರ ಹಿಂದಕ್ಕೆ ಇಳಿಸಲಿ, ನೀರಿನ ಮೂಲಕ ಹಾದು ಬರುವುದು ಬೇಡ.

ಸೂಪರ್‌ಸ್ಟಾಕ್_ಸುಬ್ಬು

ಅಂಟು_ರಬ್ಬರ್ ಅವರೇ, ಕೊನೇ ಪ್ರಶ್ನೆ. ರೇಡಿಯಲ್ ಓಟದಲ್ಲಿ ಒಂದು ಲೇನ್ ಮಾತ್ರ ಕಿತ್ತುಹೋದರೆ, ಮರುದಿನ ಸಮಯ ಉಳಿಸೋಕೆ ಅದೊಂದನ್ನೇ ಕೆರೆದು ಎಳೀತಾರೆ. ಹ್ಯಾಂಡಿಕ್ಯಾಪ್ ಓಟಕ್ಕೆ ಅದು ನಡೆಯುತ್ತಾ?

ಅಂಟು_ರಬ್ಬರ್

ನಡೆಯಲ್ಲ. ಒಂದು ಲೇನಿಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಲೇಬೇಕು, ಅದು ಚೆನ್ನಾಗಿದ್ದರೂ ಸರಿ. ಟೈಮ್ ಟ್ರಯಲ್ ಎಡಗಡೆ ಓಡಿದವನು ಮೊದಲ ಸುತ್ತಿನಲ್ಲಿ ಬಲಗಡೆ ನಿಲ್ಲಬೇಕಾಗಬಹುದು, ಅವನ ಕೈಯಲ್ಲಿರುವ ಅಂಕಿ ಎಡಗಡೆಯದು. ಕೆರೆದ ಮೇಲೆ ಎರಡೂ ಲೇನ್‌ನಲ್ಲಿ ಗೆರೆಯ ಬಳಿ, 60 ಅಡಿ, 330 ಅಡಿ ಮೂರೂ ಕಡೆ ಟಾರ್ಕ್ ಅಳೆದು, ಅಂಕಿಗಳನ್ನು ಸ್ಟೇಜಿಂಗ್ ಲೇನ್ ತುದಿಯ ಬೋರ್ಡಿನಲ್ಲಿ ಬರೆದು ಹಾಕಿ. ವ್ಯತ್ಯಾಸ ಕಂಡರೆ ಕಡಿಮೆ ಇರುವ ಕಡೆ ಮತ್ತೊಂದು ಎಳೆತ ಸಾಕು, ಸಿಂಪಡಿಸುವುದು ಬೇಡ.